ಇಂಚಿಗೆ ಹದಿನಾಲ್ಕು ಹಲ್ಲು

ಆಯುಧಪೂಜೆಯ ದಿನ ನಂಜುಂಡಯ್ಯನವರ ವೆಲ್ಡಿಂಗ್ ಶೆಡ್ಡಿನಲ್ಲಿ ಕಬ್ಬಿಣ ಕುಯ್ಯುವಂತಿರಲಿಲ್ಲ. ಅವರು ತೀರಿಹೋಗಿ ಆರು ವರ್ಷವಾಗಿದ್ದರೂ ಅವರು ಹಾಕಿಕೊಟ್ಟ ಕಟ್ಟಳೆ ಒಂದಿಷ್ಟೂ ಸಡಿಲಾಗಿರಲಿಲ್ಲ. ಹಿಂದಿನ ಸಂಜೆಯೇ ಬ್ಯಾಂಡ್ ಸಾದ ಹಳೇ ಬ್ಲೇಡು ಕಳಚಿ ಗುಜರಿ ಡಬ್ಬಕ್ಕೆ ಹಾಕಬೇಕು. ಯಂತ್ರವನ್ನು ಒರೆಸಿ, ಬ್ಲೇಡಿಲ್ಲದ ಬೋಳು ಚಕ್ರಗಳ ಸಮೇತ ಮಣೆಯ ಮೇಲೆ ಕೂರಿಸಬೇಕು. ಹೊಸ ಬ್ಲೇಡುಗಳನ್ನು ಪೊಟ್ಟಣ ಒಡೆಯದೆ ಅದರ ಮುಂದಿಡಬೇಕು. ಮಾರನೆಯ ಬೆಳಿಗ್ಗೆ ಕಾಯಿ ಒಡೆದು, ಹೊಸ ಬ್ಲೇಡು ಏರಿಸಿ, ಒಂದು ತುಂಡು ಸರಳು ಕುಯ್ದರೆ ವರ್ಷದ ಕೆಲಸ ಶುರುವಾದಂತೆ. ನಡುವಿನ ಆ ಒಂದು ದಿನ ಯಂತ್ರವೂ ದೇವರು.

ಬ್ಯಾಂಡ್ ಸಾ ಅಂದರೆ ಮರದ ಮಿಲ್ಲಿನಲ್ಲಿರುವ ಆಳೆತ್ತರದ್ದಲ್ಲ. ಕೈಗೂಸನ್ನು ಎತ್ತಿಕೊಂಡಂತೆ ಎರಡು ಕೈಯಲ್ಲಿ ಎತ್ತಿಕೊಳ್ಳುವಂಥದ್ದು. ಎರಡು ಚಕ್ರ, ಚಕ್ರದ ಅಂಚಿಗೆ ರಬ್ಬರು, ಆ ರಬ್ಬರಿನ ಮೇಲೆ ಬಳೆಯ ಹಾಗೆ ಕೂಡಿಸಿದ ಹಲ್ಲಿನ ಪಟ್ಟಿ. ಗ್ರೈಂಡರಿನಂತೆ ಕಿಡಿ ಹಾರಿಸುವುದಿಲ್ಲ, ಕಬ್ಬಿಣವನ್ನು ಕೆಂಪಗೆ ಕಾಯಿಸುವುದಿಲ್ಲ. ತಣ್ಣಗೆ ಇಳಿಯುತ್ತದೆ. ನಂಜುಂಡಯ್ಯನವರು ಬದುಕಿದ್ದಾಗ ಅದನ್ನು ಮಗ ಚನ್ನೇಶನಿಗಿಂತ ಮಗಳು ಸ್ವಾತಿಯ ಕೈಗೇ ಹೆಚ್ಚು ಕೊಡುತ್ತಿದ್ದರು. “ಇವಳು ಒತ್ತಲ್ಲ ಕಣೋ, ಯಂತ್ರದ ಭಾರಕ್ಕೇ ಬಿಡ್ತಾಳೆ, ಅದು ವಿದ್ಯೆ” ಅನ್ನುತ್ತಿದ್ದರು. ಅರಸೀಕೆರೆಯ ಹಾಸನ ರಸ್ತೆಯಲ್ಲಿ ಶೆಡ್ಡಿಗೆ ಹೊಂದಿಕೊಂಡೇ ಇರುವ ಮನೆಯ ಮುಂದಿನ ಗೇಟಿಗೆ ಸರಳು ಕುಯ್ದವಳೂ ಸ್ವಾತಿಯೇ. ಆಗ ಅವಳಿಗೆ ಹದಿನಾರು. ಹನ್ನೆರಡು ಎಂಎಂ ಚೌಕದ ಇಪ್ಪತ್ತೆರಡು ಸರಳು. ಒಂದೊಂದರ ತುದಿಯನ್ನೂ ಓರೆಯಾಗಿ ಕುಯ್ದು, ಅರದಿಂದ ಉಜ್ಜಿ, ಮೊನೆ ಮಾಡಿದ್ದಳು. ಕಳ್ಳರು ಹತ್ತಬಾರದು ಅಂತ.

ಈಗ ಅವಳಿಗೆ ಮೂವತ್ಮೂರು. ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ ಶಶಿಕಿರಣನ ಜೊತೆ ಹನ್ನೊಂದು ವರ್ಷ ಬಾಳಿ, ಎಂಟು ವರ್ಷದ ಮಗಳು ಇಂದುವಿನ ಕೈ ಹಿಡಿದುಕೊಂಡು ತವರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ಬಾಳುವೆಯ ಲೆಕ್ಕವೆಲ್ಲ ಅವಳ ಮೈಮೇಲೇ ಇತ್ತು. ಎಡಗಿವಿ ಅರೆಕಿವುಡು, ಕಪಾಳದ ಏಟಿಗೆ. ಮುಂದಿನ ಒಂದು ಹಲ್ಲಿನ ತುದಿ ಚಕ್ಕೆ ಎದ್ದಿತ್ತು, ಹೊಸಿಲಿಗೆ ಬಡಿದದ್ದಕ್ಕೆ. ಬಂದ ಮರುದಿನವೇ ಅಪ್ಪನ ಹಳೇ ಕನ್ನಡಕ ಹಾಕಿಕೊಂಡು ಶೆಡ್ಡಿಗಿಳಿದಿದ್ದಳು. ಚನ್ನೇಶ ಒಂದು ಕಬ್ಬಿಣದ ಆ್ಯಂಗಲ್ಲಿಗೆ ಕುಯ್ಯುವ ಗೆರೆ ಹಾಕಿ ಅವಳ ಮುಂದಿಟ್ಟಿದ್ದ.

ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಪೂಜೆ ಮುಗಿದಿತ್ತು. ಅವ್ವ ರುದ್ರಮ್ಮ ಈ ವರ್ಷ ತಾವೇ ಮುಂದೆ ನಿಂತು ಯಂತ್ರಗಳನ್ನೆಲ್ಲ ಸಿಂಗರಿಸಿದ್ದರು. ಬ್ಯಾಂಡ್ ಸಾದ ಮೈಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ಯಂತ್ರ ಮಿರಮಿರ ಮಿಂಚುತ್ತಿತ್ತು.

“ಏನವ್ವ ಇಷ್ಟು ಹೊಳಪು?” ಅಂದಿದ್ದಳು ಸ್ವಾತಿ.

“ಗಾಣದ ಕೊಬ್ಬರಿ ಎಣ್ಣೆ ಕಣೇ. ಸಂದಿಗೊಂದಿಗೆಲ್ಲ ತಿಕ್ಕಿದೀನಿ. ವರ್ಷವೆಲ್ಲ ದುಡೀತದೆ, ಒಂದಿನ ತಲೆಗೆ ಎಣ್ಣೆ ಬ್ಯಾಡ್ವಾ ಅದಕ್ಕೆ?”

ಸ್ವಾತಿ ನಕ್ಕಿದ್ದಳು. ನಗು ಪೂರ್ತಿ ಮುಗಿಯುವುದರೊಳಗೆ ಹೊರಗೆ ಕಾರು ನಿಂತ ಸದ್ದಾಯಿತು. ಅವಳ ಸರಿಯಿದ್ದ ಬಲಗಿವಿಗೆ ಆ ಬ್ರೇಕಿನ ಕೀರಲು ಗೊತ್ತಿತ್ತು.

ಹಬ್ಬವೆಂದು ಗೇಟು ತೆರೆದೇ ಇತ್ತು. ಶಶಿಕಿರಣ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಒಳಗೆ ಬಂದ. ಹಣೆ ತುಂಬ ವಿಭೂತಿ. ನೋಡಿದವರು ಮಠದಿಂದ ನೇರ ಬಂದವನೆಂದುಕೊಳ್ಳಬೇಕು.

“ಮಗಳನ್ನ ಕರ್ಕಂಡೋಗಕ್ಕೆ ಬಂದೆ” ಅಂದ. “ನನ್ನ ಮನೇಲೂ ಹಬ್ಬ ಐತೆ.”

ಚನ್ನೇಶ ಕೈ ಒರೆಸಿಕೊಳ್ಳುತ್ತ ಎದ್ದ. “ಹಬ್ಬದ ದಿನ ಜಗಳ ಬ್ಯಾಡ ಭಾವ. ದೊಡ್ಡೋರನ್ನ ಕೂರಿಸ್ಕಂಡು ಮಾತಾಡನ. ಈಗ ಹೋಗಿ.”

“ಯಾವ ದೊಡ್ಡೋರ್ಲಾ? ತಂಗೀನ ಮನೇಲಿ ಇಟ್ಕಂಡು ಕಬ್ಬಿಣ ಕುಯ್ಸೋನು ನೀನು ದೊಡ್ಡೋನಾ? ಊರೆಲ್ಲ ನಗ್ತೈತೆ, ಶಶಿಕಿರಣನ ಹೆಂಡ್ತಿ ವೆಲ್ಡರ್ರು ಅಂತ.”

“ನಗಲಿ ಬಿಡ್ರಿ” ಅಂದಳು ಸ್ವಾತಿ. “ಅಳ್ತಿದ್ದಾಗ ಯಾರೂ ಬರ್ಲಿಲ್ಲ.”

ಶಶಿಕಿರಣ ನೇರ ಹೋಗಿ, ಜಗಲಿಯ ಮೇಲೆ ಚೆಂಡುಹೂ ಪೋಣಿಸುತ್ತ ಕೂತಿದ್ದ ಇಂದುವಿನ ರಟ್ಟೆಗೆ ಕೈಹಾಕಿ ಎಬ್ಬಿಸಿದ. ಮಗು “ಅಮ್ಮಾ” ಅಂತ ಚೀರಿತು. ಹೂವಿನ ಬುಟ್ಟಿ ಉರುಳಿತು.

ರುದ್ರಮ್ಮನಿಗೆ ಎಪ್ಪತ್ತು. ಆದರೂ ಓಡಿದರು. ಮಗುವಿನ ಕಡೆಗಲ್ಲ, ಗೇಟಿನ ಕಡೆಗೆ. ಎರಡೂ ಬಾಗಿಲು ಎಳೆದು, ಚೈನು ಸುತ್ತಿ, ಬೀಗ ಜಡಿದು, ಬೀಗದ ಕೈಯನ್ನು ತೆರೆದಿದ್ದ ನೀರಿನ ಸಂಪಿಗೆ ಎಸೆದುಬಿಟ್ಟರು. “ಅದೆಂಗೆ ಕರ್ಕಂಡೋಗ್ತೀಯೋ ನಾನೂ ನೋಡ್ತೀನಿ” ಅಂದರು ಏದುಸಿರು ಬಿಡುತ್ತ. ಮಗು ಹೊರಗೆ ಹೋಗದಿರಲಿ ಎಂದು ಮಾಡಿದ್ದು. ಹುಲಿಯನ್ನೂ ತಮ್ಮ ಜೊತೆಗೇ ಒಳಗೆ ಕೂಡಿಹಾಕಿಕೊಂಡೆವೆಂಬುದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲಿಲ್ಲ.

ಕಾಂಪೌಂಡಿನ ಗೋಡೆಯ ಮೇಲೆಲ್ಲ ಗಾಜಿನ ಚೂರು. ಹೋಗುವುದಿದ್ದರೆ ಗೇಟೊಂದೇ ದಾರಿ. ಶಶಿಕಿರಣ ಒಂದು ಸಲ ಸುತ್ತ ನೋಡಿದ. ಚನ್ನೇಶ ಅವನ ಅಂಗಿಯ ಕಾಲರಿಗೆ ಕೈಹಾಕಿ ಹಿಂದಕ್ಕೆಳೆದ. ಅಂಗಿ ಹರಿಯಿತು. ಶಶಿಕಿರಣ ಗೋಡೆಗೆ ಒರಗಿಸಿದ್ದ ಮುಕ್ಕಾಲಿಂಚಿನ ಪೈಪು ಎತ್ತಿಕೊಂಡವನೇ ಬೀಸಿದ. ಮೊದಲ ಏಟು ಭುಜಕ್ಕೆ. ಎರಡನೆಯದು ಬಲಗೈ ಮಣಿಕಟ್ಟಿಗೆ. ಒಣ ಸೌದೆ ಮುರಿದಂಥ ಸದ್ದಾಯಿತು. ಚನ್ನೇಶ ಮುರಿದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಮಂಡಿಯೂರಿದ. ಸ್ವಾತಿ ಅಡ್ಡ ಬಂದಳು. ಪೈಪಿನ ತುದಿ ಅವಳ ಪಕ್ಕೆಗೆ ಗುದ್ದಿತು. ಉಸಿರು ನಿಂತಂತಾಗಿ ಕೆಳಗೆ ಕೂತಳು.

ಅಷ್ಟರಲ್ಲಿ ಅವನು ಪೈಪು ಬಿಸಾಕಿ, ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತಿ, ಮೊನೆಗಳ ಮೇಲಿಂದ ದಾಟಿಸಿ, ರಟ್ಟೆ ಹಿಡಿದು ಆಚೆಗೆ ಇಳಿಬಿಟ್ಟಿದ್ದ. ಲಂಗದ ಅಂಚು ಒಂದು ಮೊನೆಗೆ ಸಿಕ್ಕಿ ಪರ್ರನೆ ಹರಿಯಿತು. ಇಂದು ಆಚೆ ರಸ್ತೆಯ ಮಣ್ಣಿನಲ್ಲಿ ಬಿದ್ದಳು.

“ಕಾರಲ್ಲಿ ಕೂತ್ಕೋ ಹೋಗೇ!” ಎಂದು ಕಿರುಚಿದ. ಪಂಚೆ ಎತ್ತಿ ಕಟ್ಟಿ ಅಡ್ಡಪಟ್ಟಿಗೆ ಕಾಲಿಟ್ಟು ಹತ್ತಿದ. ಬಲಗಾಲು ಆಚೆ ಹೋಯಿತು. ಎಡಗಾಲು ಇನ್ನೂ ಈಚೆ ಇತ್ತು.

ಸ್ವಾತಿ ಆ ಎಡಗಾಲು ಹಿಡಿದಳು.

ಅವನು ಹಿಮ್ಮಡಿಯಿಂದ ಅವಳ ಬಾಯಿಗೆ ಒದ್ದ. ತುಟಿ ಒಡೆಯಿತು. ಇನ್ನೊಮ್ಮೆ ಒದ್ದ. ಅವಳು ಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ಒದೆ ತಿಂದಾಗಲೆಲ್ಲ ಕೈ ಸಡಿಲಿಸಿದವಳು, ಈ ಸಲ ಎರಡೂ ಕೈಯಿಂದ ಪಾದವನ್ನು ಎದೆಗೆ ಅವುಚಿ, ತನ್ನ ಇಡೀ ಭಾರ ಬಿಟ್ಟು ಜೋತುಬಿದ್ದಳು.

ಎಳನೀರಿನ ಬುಡಕ್ಕೆ ಮಚ್ಚು ಬಿದ್ದಾಗ ಬರುವಂಥ ಹಸಿ ಸದ್ದು. ಆಮೇಲೆ ಅವನ ಕೂಗು, ಬೀದಿಯ ನಾಯಿಗಳೆಲ್ಲ ಎದ್ದು ಬೊಗಳುವಂತೆ.

ಮೊನೆ ಎಡತೊಡೆಯ ಹಿಂದಿನಿಂದ ಹೊಕ್ಕು ಮುಂದಕ್ಕೆ, ಪಂಚೆಯನ್ನು ಹರಿದುಕೊಂಡು, ಎರಡು ಬೆರಳಿನಷ್ಟು ಹೊರಗೆ ಬಂದಿತ್ತು. ಅವಳೇ ಓರೆಯಾಗಿ ಕುಯ್ದ ಮೊನೆ. ಹದಿನೇಳು ವರ್ಷದ ಮೇಲೂ ಅರದ ಗೆರೆ ಕಾಣುತ್ತಿತ್ತು. ಬಲಗಾಲು ಆಚೆ ಜೋತಾಡುತ್ತಿತ್ತು. ಎಡಗಾಲನ್ನು ಈಚೆಯ ಅಡ್ಡಪಟ್ಟಿಯ ಮೇಲೆ ಹೇಗೋ ಊರಿ, ಎರಡು ಕೈಯಲ್ಲಿ ಪಕ್ಕದ ಸರಳುಗಳನ್ನು ಹಿಡಿದುಕೊಂಡು ಅವನು ಮೇಲೇ ನಿಂತಿದ್ದ. ನಿಂತಿರುವಷ್ಟು ಹೊತ್ತು ಸರಿ. ಕಾಲು ಸೋತು ಕುಸಿದರೆ ಸರಳು ಇನ್ನೂ ಸೀಳಿಕೊಂಡು ಹೋಗುತ್ತದೆ. ತೊಡೆಯೊಳಗೆ ಓಡುವ ರಕ್ತದ ದೊಡ್ಡ ನರವೊಂದು ಹರಿದರೆ ಐದು ನಿಮಿಷದ ಮಾತು.

ಎದುರು ಮನೆಯ ಅನುಸೂಯಮ್ಮ ಓಡಿಬಂದು ಇಂದುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಇನ್ನೊಂದು ಕೈಯಲ್ಲಿ ನೂರಾ ಎಂಟಕ್ಕೆ ಫೋನು ಮಾಡಿ, ಮೊಬೈಲನ್ನು ಗೇಟಿನ ಸಂದಿಯಲ್ಲಿ ಹಿಡಿದರು. ಫೋನಿನೊಳಗಿನಿಂದ ಒಬ್ಬ ಹೆಣ್ಣುಮಗಳ ದನಿ ಹೇಳಿತು: “ಸರಳು ಎಳೀಬೇಡಿ ಮೇಡಂ. ಮೇಲಕ್ಕೂ ಎತ್ತಬೇಡಿ. ಎಳೆದ್ರೆ ರಕ್ತ ನಿಲ್ಲಲ್ಲ. ಸರಳಿನ ಸಮೇತ ಬಿಡಿಸ್ಬೇಕು. ಆಂಬುಲೆನ್ಸ್ ಹೊರಟಿದೆ, ಫೈರ್‌ನವರಿಗೂ ಹೇಳ್ತೀನಿ.” ಸ್ವಲ್ಪ ಹೊತ್ತಿಗೆ ಅದೇ ದನಿ ಮತ್ತೆ ಬಂತು. ಅಗ್ನಿಶಾಮಕದ ಗಾಡಿ ಗಂಡಸಿ ಕಡೆ ತೆಂಗಿನ ನಾರಿನ ರಾಶಿಗೆ ಬೆಂಕಿ ಬಿದ್ದಿದೆಯೆಂದು ಹೋಗಿತ್ತು. ಮುಕ್ಕಾಲು ಗಂಟೆಯಾದರೂ ಬೇಕು.

ಶಶಿಕಿರಣನ ಎಡಮಂಡಿ ಆಗಲೇ ನಡುಗತೊಡಗಿತ್ತು. ಮುಕ್ಕಾಲು ಗಂಟೆ ಅವನು ನಿಲ್ಲುವುದಿಲ್ಲವೆಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

“ಗ್ರೈಂಡರ್ ತತ್ತೀನಿ” ಅಂದ ಚನ್ನೇಶ.

“ಬ್ಯಾಡ ಅಣ್ಣ. ಸರಳು ಕಾದು ಒಳಗೇ ಸುಡ್ತದೆ. ಆ ಅದುರಾಟಕ್ಕೆ ನರ ಹರೀತದೆ.” ಸ್ವಾತಿ ಬಾಯಿಯ ರಕ್ತ ಉಗಿದಳು. ಕೈಯಲ್ಲಿ ಕುಯ್ಯುವ ಆಕ್ಸಾ ಬ್ಲೇಡೂ ಅಷ್ಟೆ, ಹಿಂದೆ ಮುಂದೆ ಎಳೆದಷ್ಟೂ ಗಾಯದೊಳಗೆ ಸರಳು ಆಡುತ್ತದೆ. ಉಳಿದದ್ದು ಒಂದೇ. ಹಾರ ಹಾಕಿಕೊಂಡು ಮಣೆಯ ಮೇಲೆ ಕೂತಿತ್ತು.

ಚನ್ನೇಶನ ಬಲಗೈ ಹಸಿ ಬದನೆಕಾಯಿಯ ಹಾಗೆ ಊದಿತ್ತು. ಆ ಯಂತ್ರಕ್ಕೆ ಎರಡು ಕೈ ಬೇಕು. ಕುಯ್ಯುವುದಾದರೆ ಅವಳೇ ಕುಯ್ಯಬೇಕು.

ಅವಳು ನಿಂತಲ್ಲೇ ನಿಂತಿದ್ದಳು. ಮೇಲಿನಿಂದ ರಕ್ತ ಒಂದೊಂದೇ ಹನಿ, ಅಡ್ಡಪಟ್ಟಿಯ ಮೇಲೆ ಬಿದ್ದು, ಅಲ್ಲಿಂದ ಅವಳ ಪಾದದ ಪಕ್ಕಕ್ಕೆ ಇಳಿಯುತ್ತಿತ್ತು. ಏನೂ ಮಾಡಬೇಕಾಗಿಲ್ಲ ಅನ್ನಿಸಿತು. ಹತ್ತು ನಿಮಿಷ ಕೈಕಟ್ಟಿ ನಿಂತರೆ ಸಾಕು. ಕುಯ್ಯಲಿಲ್ಲವೆಂದು ಯಾವ ಕೋರ್ಟೂ ಕೇಳುವುದಿಲ್ಲ. ಅವ್ವನೂ ಅವಳ ಮುಖವನ್ನೇ ನೋಡುತ್ತಿದ್ದರು. ಬೇಡ ಅಂದರೆ ಬೇಡ ಅನ್ನುವಂಥ ನೋಟ.

“ಏನೇ ನೋಡ್ತಿದೀಯ? ಸಾಯ್ಲಿ ಅಂತ ಕಾಯ್ತಿದೀಯೇನೇ, ಮುಂಡೆ?” ಅಂದ ಅವನು ಮೇಲಿನಿಂದ. ಆ ಸ್ಥಿತಿಯಲ್ಲೂ ಬೈಗುಳ ಮೊದಲು ಬಂತು.

ಗೇಟಿನ ಸಂದಿಯಲ್ಲಿ, ಅನುಸೂಯಮ್ಮನ ಸೆರಗು ಸರಿಸಿಕೊಂಡು, ಇಂದು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಬರೀ ನೋಡುತ್ತಿದ್ದಳು.

“ಅವ್ವ, ಯಂತ್ರ ತಗೊಂಬತ್ತೀನಿ” ಅಂದಳು ಸ್ವಾತಿ. “ಇವ್ರು ಈ ಗೇಟಲ್ಲಿ ಸತ್ರೆ ನನ್ನ ಮಗಳು ದಿನಾ ಇದ್ರ ಕೆಳಗೇ ಸ್ಕೂಲಿಗೆ ಹೋಗ್ಬೇಕು. ಅದಾಗಲ್ಲ.”

ಅಪ್ಪನ ಕನ್ನಡಕ ಏರಿಸಿಕೊಂಡು, ಹಾರ ಕಿತ್ತು ಎಸೆದಳು. ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಳಗೆ ಮೂರು ಬ್ಲೇಡು, ಮೂರು ಸುತ್ತಾಗಿ ಸುತ್ತಿ ತಂತಿ ಕಟ್ಟಿದ್ದವು. ಇಂಚಿಗೆ ಹತ್ತು ಹಲ್ಲಿನದೊಂದು, ಹದಿನಾಲ್ಕರದೊಂದು, ಇಪ್ಪತ್ತನಾಲ್ಕರದೊಂದು. ಹಲ್ಲು ಸಣ್ಣದಾದಷ್ಟೂ ನಡುಕ ಕಡಿಮೆಯೆಂದು ಇಪ್ಪತ್ತನಾಲ್ಕರದನ್ನು ತೆಗೆದಳು. ತಂತಿ ಬಿಚ್ಚುತ್ತಲೇ ಸುತ್ತು ಹಾವಿನ ಹಾಗೆ ಚಿಮ್ಮಿ ಅವಳ ಅಂಗೈಯನ್ನು ಉದ್ದಕ್ಕೂ ಗೀರಿತು. ಅವಸರದಲ್ಲಿ ಕೈಗವಸು ಹಾಕಿಕೊಂಡಿರಲಿಲ್ಲ. ರಕ್ತವನ್ನು ಸೀರೆಗೆ ಒರೆಸಿಕೊಂಡು, ಚಕ್ರದ ಮೇಲೆ ಪಟ್ಟಿ ಕೂರಿಸಿ, ಬಿಗಿ ಮಾಡುವ ಹಿಡಿ ತಿರುಗಿಸಿದಳು. ಹಲ್ಲು ಯಾವ ಕಡೆಗೆ ಮುಖ ಮಾಡಬೇಕೆಂದು ಯಂತ್ರದ ಮೈಮೇಲೆ ಬಾಣದ ಗುರುತಿರುತ್ತದೆ. ಅದರ ಮೇಲೆ ಗಟ್ಟಿ ಕುಂಕುಮ ಮೆತ್ತಿತ್ತು. ಉಗುರಿನಿಂದ ಕೆರೆದು ನೋಡಿದಳು. ಸರಿಯಿತ್ತು.

ಚನ್ನೇಶ ಎಡಗೈಯಲ್ಲೇ ಕರೆಂಟಿನ ವೈರಿನ ಬಾಕ್ಸು ಎಳೆದುಕೊಂಡು ಬಂದ. ಅವಳು ಸ್ಟೂಲಿನ ಮೇಲೆ ಹತ್ತಿದಳು. ತೊಡೆಗೂ ಗೇಟಿನ ಮೇಲಿನ ಅಡ್ಡಪಟ್ಟಿಗೂ ನಡುವೆ ನಾಲ್ಕು ಬೆರಳಿನಷ್ಟು ಸರಳು ಬರಿದಾಗಿ ಕಾಣುತ್ತಿತ್ತು. ಅಲ್ಲೇ ಕುಯ್ಯಬೇಕು. ಯಂತ್ರದ ಬಾಯಿ ಹೊಕ್ಕಲು ಕಡಿಮೆಯೆಂದರೂ ಎರಡು ಬೆರಳಿನ ಜಾಗ ಬೇಕು.

ಸ್ವಿಚ್ಚು ಒತ್ತಿದಳು. ಚಕ್ರ ತಿರುಗಿತು. ಹಲ್ಲಿನ ಪಟ್ಟಿ ತಿರುಗಲಿಲ್ಲ. ರಬ್ಬರಿನ ಮೇಲೆ ಜಾರುತ್ತ ಕಿರ್ರನೆ ಕಿರುಚಿ, ಚಂಗನೆ ಹಾರಿ, ಅವಳ ಕನ್ನಡಕಕ್ಕೆ ಬಡಿದು, ಯಂತ್ರದ ಕೊಂಡಿಗೆ ಸಿಕ್ಕಿ ಮಡಚಿಕೊಂಡಿತು. ಒಮ್ಮೆ ಮಡಿಕೆ ಬಿದ್ದ ಬ್ಲೇಡು ಮತ್ತೆ ಕೆಲಸಕ್ಕೆ ಬರುವುದಿಲ್ಲ.

“ಏನಾಯ್ತೇ?” ಅಂದರು ರುದ್ರಮ್ಮ.

ಸ್ವಾತಿ ಚಕ್ರದ ರಬ್ಬರನ್ನು ಬೆರಳಿನಿಂದ ಸವರಿ ಮೂಸಿದಳು. ಘಮ್ಮೆಂದಿತು.

“ಎಣ್ಣೆ ಅವ್ವ. ರಬ್ಬರಿಗೂ ಎಣ್ಣೆ ಹಚ್ಚಿದೀಯ. ಹಿಡಿತಾನೇ ಇಲ್ಲ.”

ರುದ್ರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಮೇಲೆ ಶಶಿಕಿರಣನ ಕಾಲು ಅರೆಗಳಿಗೆ ಸೋತಿತು. ಅವನು ಬೆರಳಿನಷ್ಟು ಕೆಳಗೆ ಬಂದ. ಈ ಸಲ ಕೂಗಿನಲ್ಲಿ ಬೈಗುಳವಿರಲಿಲ್ಲ, ಮಾತೂ ಇರಲಿಲ್ಲ. ಹನಿ ಹನಿಯಾಗಿದ್ದದ್ದು ಎಳೆಯಾಗಿ ಇಳಿಯತೊಡಗಿತು. ನಾಲ್ಕು ಬೆರಳು ಮೂರಾಯಿತು.

ಸೀರೆಯ ಸೆರಗಿನಿಂದ ಒರೆಸಿದಳು. ಬಟ್ಟೆಗೆ ಬಂದದ್ದು ಬಂತು, ರಬ್ಬರು ಹೀರಿಕೊಂಡ ಎಣ್ಣೆ ಹಾಗೇ ಉಳಿಯಿತು. ಸೀಮೆಎಣ್ಣೆ ಇರಲಿಲ್ಲ. ಸೋಪು ಹಾಕಿ ತೊಳೆದರೆ ಒಣಗುವ ತನಕ ಕಾಯಬೇಕು. ಒಣ ಪುಡಿ ಬೇಕಿತ್ತು, ಎಣ್ಣೆ ಕುಡಿಯುವಂಥದ್ದು. ಅವಳ ಕಣ್ಣು ಪೂಜೆಯ ತಟ್ಟೆಯ ಮೇಲೆ ಬಿತ್ತು. ಮಠದಿಂದ ತಂದ ವಿಭೂತಿ ಗಟ್ಟಿಗಳು, ನಿಂಬೆಹಣ್ಣಿನ ಗಾತ್ರದವು, ನಾಲ್ಕು.

ಅವಳು ಅವ್ವನ ಮುಖ ನೋಡಿದಳು. ಅಪ್ಪ ಇದ್ದಿದ್ದರೆ ಆ ಗಟ್ಟಿಯನ್ನು ನೆಲಕ್ಕೆ ತಾಗಿಸಲೂ ಬಿಡುತ್ತಿರಲಿಲ್ಲ.

ರುದ್ರಮ್ಮ ತಾವೇ ಹೋಗಿ ನಾಲ್ಕನ್ನೂ ಮಡಿಲಲ್ಲಿ ತುಂಬಿಕೊಂಡು ಬಂದರು. ಸುತ್ತಿಗೆ ತೆಗೆದುಕೊಂಡು ಮೆಟ್ಟಿಲ ಕಲ್ಲಿನ ಮೇಲೆ ಜಜ್ಜಿದರು. “ಬೂದಿ ತಾನೆ” ಅಂದರು, ಯಾರಿಗೋ ಸಮಾಧಾನ ಹೇಳುವವರಂತೆ. “ಬೂದಿ ಅಂತ್ಲೇ ತಾನೆ ಹಚ್ಕಳೋದು. ಹಿಡಿ.” ಹಿಡಿ ಹಿಡಿ ಪುಡಿಯನ್ನು ರಬ್ಬರಿಗೆ ಸುರಿದು ಇಬ್ಬರೂ ತಿಕ್ಕಿದರು. ಬಿಳಿ ಪುಡಿ ಎಣ್ಣೆ ಕುಡಿದು ಮಣ್ಣಿನ ಬಣ್ಣಕ್ಕೆ ತಿರುಗಿತು. ಕೆಡವಿ, ಇನ್ನೊಮ್ಮೆ ಹಾಕಿ ತಿಕ್ಕಿದರು. ಮೂರನೆಯ ಸಲಕ್ಕೆ ಪುಡಿ ಪುಡಿಯಾಗಿಯೇ ಉದುರಿತು. ರಬ್ಬರು ಬೆರಳನ್ನು ಕಚ್ಚಿ ಹಿಡಿಯತೊಡಗಿತು.

ಹದಿನಾಲ್ಕು ಹಲ್ಲಿನ ಬ್ಲೇಡು ತೆಗೆದಳು. ಈ ಸಲ ಸುತ್ತನ್ನು ಕಾಲಡಿಗೆ ಮೆಟ್ಟಿಕೊಂಡು ತಂತಿ ಬಿಚ್ಚಿದಳು. ಏರಿಸಿದಳು, ಬಿಗಿದಳು. ಗಾಳಿಯಲ್ಲೇ ಒಮ್ಮೆ ಓಡಿಸಿ ನೋಡಿದಳು. ಪಟ್ಟಿ ಗುಂಯ್ ಎಂದು ಓಡಿತು.

“ಅಣ್ಣ, ಭಾರ ಹೊರ್ಬೇಕು. ಅವ್ರ ಭಾರ ಸರಳಿನ ಮೇಲೆ ಬಿದ್ರೆ ಕುಯ್ದ ಸಂದಿ ಮುಚ್ಕೊಂಡು ಬ್ಲೇಡ್ ಹಿಡ್ಕಳ್ತದೆ.”

ಚನ್ನೇಶ ಗೇಟಿಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ತನ್ನ ಕೈ ಮುರಿದವನ ಪಾದವನ್ನು ಹೆಗಲ ಮೇಲೆ ಇರಿಸಿಕೊಂಡು ನಿಧಾನಕ್ಕೆ ನಿಂತ. ರಕ್ತ ಅವನ ಕತ್ತಿನ ಮೇಲೆ ಬಿದ್ದು ಅಂಗಿಯೊಳಗೆ ಹರಿಯಿತು.

“ಮೇಲೆತ್ತಬ್ಯಾಡ. ಇದ್ದಷ್ಟೇ ನಿಲ್ಸು.”

“ನಿಲ್ಸಿದೀನಿ. ಬೇಗ ಮುಗ್ಸು ತಾಯಿ. ಬಿಟ್ಬಿಡಾಣ ಅನ್ನಿಸ್ತೈತೆ.”

ಶಶಿಕಿರಣ ಯಂತ್ರದ ಬಾಯಿ ತನ್ನ ತೊಡೆಯ ಕೆಳಗೆ ಬರುವುದನ್ನು ನೋಡಿದ. ಹಲ್ಲುಗಳನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಒಡೆದ ತುಟಿ, ಚಕ್ಕೆ ಎದ್ದ ಹಲ್ಲು, ಕನ್ನಡಕದ ಮೇಲೆ ವಿಭೂತಿಯ ಪುಡಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಅವಳನ್ನು ಕಂಡು ಹೆದರಿಕೆಯಾಯಿತು.

“ಸ್ವಾತಿ... ಏನ್ ಮಾಡ್ತಿದೀಯ? ಬ್ಯಾಡ ಕಣೇ. ಫೈರ್‌ನೋರು ಬತ್ತಾರೆ. ಅಲ್ಲೀಗಂಟ ನಿಂತ್ಕತೀನಿ. ನಿಂತ್ಕತೀನಿ ನಾನು.”

“ಅಲ್ಲಾಡ್ಬೇಡ್ರಿ” ಅಂದಳು.

“ಮುಯ್ಯಿ ತೀರಿಸ್ಕೊಂತಿದೀಯ.”

“ಮುಯ್ಯಿ ತೀರಿಸ್ಕೊಳೋದಾಗಿದ್ರೆ ಇಷ್ಟೊತ್ತು ಬ್ಲೇಡ್ ಹಾಕ್ತಾ ಕೂತಿರ್ತಿದ್ನಾ? ಅಲ್ಲಾಡ್ಬೇಡ್ರಿ ಅಂದೆ.”

ಸ್ವಿಚ್ಚು ಒತ್ತಿದಳು. ಹೊಸ ಬ್ಲೇಡಿನ ಮೊದಲ ಕುಯ್ತ. ಹೊಸ ಹಲ್ಲು ಚೂಪಾಗಿದ್ದಷ್ಟೂ ಬೇಗ ಮುರಿಯುತ್ತದೆ. ಒತ್ತಿದೆಯೋ ಕಚ್ಚಿಕೊಂಡು ಎಗರುತ್ತದೆ. ಎಗರಿದರೆ ಸರಳು ತೊಡೆಯೊಳಗೆ ಎಗರಿದಂತೆಯೇ. ಅವಳು ಒತ್ತಲಿಲ್ಲ. ಯಂತ್ರದ ಭಾರವನ್ನೂ ಪೂರ್ತಿ ಬಿಡದೆ, ಅರ್ಧ ತನ್ನ ತೋಳಿನಲ್ಲೇ ಹೊತ್ತುಕೊಂಡಳು. ಎಡಗಿವಿಗೆ ಸದ್ದು ಕೇಳಿಸದಿದ್ದುದರಿಂದ ಬಲಗಿವಿಯನ್ನು ಯಂತ್ರಕ್ಕೆ ತಿರುಗಿಸಿ, ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದಲೇ ಕುಯ್ದಳು. ಬೆಳ್ಳಗಿನ ಕಬ್ಬಿಣದ ಹುಡಿ ರಕ್ತದ ಮೇಲೆ ಬಿದ್ದು ಅಂಟಿಕೊಂಡಿತು. ತೊಡೆಯ ಮಾಂಸ ಸಣ್ಣಗೆ ಅದುರುತ್ತಿದ್ದದ್ದು ಅವಳ ಬೆರಳ ಗೆಣ್ಣುಗಳಿಗೆ ತಾಗುತ್ತಿತ್ತು. ಅಷ್ಟು ಹತ್ತಿರ. ಅವನು ಮೂಗಿನಿಂದ ಕರುವಿನ ಹಾಗೆ ನರಳುತ್ತಿದ್ದ. ಹೊರಗೆ ಜನ ಸೇರಿ ಮೊಬೈಲು ಎತ್ತಿ ಹಿಡಿದಿದ್ದರು. “ನಾಚಿಕೆ ಆಗಲ್ವೇನ್ರೋ ನಿಮ್ಗೆ, ಇಳಿಸ್ರೋ” ಎಂದು ಅನುಸೂಯಮ್ಮ ಗದರಿಸುತ್ತಿದ್ದರು.

ಅರ್ಧ ಇಳಿದಾಗ ಸದ್ದು ಬದಲಾಯಿತು. ಬ್ಲೇಡು ಮುಲುಗುಟ್ಟಿತು.

“ಅಣ್ಣ, ಭಾರ!”

ಚನ್ನೇಶನ ಮಂಡಿ ಕುಸಿಯುತ್ತಿತ್ತು. ಹಲ್ಲು ಕಚ್ಚಿ ಎದ್ದು ನಿಂತ. ಮುರಿದ ಕೈಯನ್ನೂ ಮೇಲೆತ್ತಿ ಆ ಪಾದಕ್ಕೆ ಕೊಟ್ಟ. ಅವನು ಆಗ ಕೂಗಿದ ಕೂಗು ಶಶಿಕಿರಣನ ಕೂಗಿಗಿಂತ ದೊಡ್ಡದಿತ್ತು. ಸಂದಿ ಕೂದಲೆಳೆಯಷ್ಟು ತೆರೆಯಿತು. ಬ್ಲೇಡು ಮತ್ತೆ ಓಡಿತು. ಓಡಿ ಓಡಿ, ಕಡೆಗೆ ಟಿಣ್ ಅಂದಿತು.

ಸರಳು ತುಂಡಾಗಿತ್ತು.

ಅವನು ಒಮ್ಮೆಗೇ ಚನ್ನೇಶನ ಮೇಲೆ, ಸ್ವಾತಿಯ ಮೇಲೆ, ಮೂಟೆಯ ಹಾಗೆ ಒರಗಿದ. ರುದ್ರಮ್ಮ ಹಳೇ ಹಾಸಿಗೆ ಎಳೆದು ತಂದಿದ್ದರು. ಮೂವರೂ ಸೇರಿ, ಆಚೆಯಿದ್ದ ಕಾಲನ್ನೂ ದಾಟಿಸಿ, ಪಕ್ಕಕ್ಕೆ ತಿರುಗಿಸಿ ಮಲಗಿಸಿದರು. ಗೇಣುದ್ದದ ಸರಳು ತೊಡೆಯಲ್ಲೇ ಇತ್ತು. ರಕ್ತ ಒಸರುತ್ತಿತ್ತು, ಚಿಮ್ಮುತ್ತಿರಲಿಲ್ಲ. ಸ್ವಾತಿ ಹರಿದ ಪಂಚೆಯನ್ನೇ ಸರಳಿನ ಸುತ್ತ ಒತ್ತಿ ಕಟ್ಟಿದಳು.

ಅಷ್ಟರಲ್ಲಿ ಆಂಬುಲೆನ್ಸಿನ ಸೈರನ್ನು ಕೇಳಿಸಿತು. ಗೇಟಿನಾಚೆ ಬಂದು ನಿಂತಿತು. ಒಬ್ಬ ನರ್ಸು ಇಳಿದು ಚೈನು, ಬೀಗ ನೋಡಿ, “ಕೀ ಎಲ್ಲಮ್ಮ? ತೆಗೀರಿ ಬೇಗ” ಅಂದ.

“ಸಂಪಲ್ಲೈತೆ” ಅಂದರು ರುದ್ರಮ್ಮ ಸಣ್ಣ ದನಿಯಲ್ಲಿ.

“ತಡೀರಿ” ಎಂದು ಸ್ವಾತಿ ಯಂತ್ರ ಎತ್ತಿಕೊಂಡು ಏಳಹೋದಳು. ಏಳಲಾಗಲಿಲ್ಲ. ಎಡಗೈ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು. ಇಷ್ಟು ರಕ್ತ ಹೋದ ಮೇಲೂ ಅದೇ ಹಿಡಿತ. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮಗುವಿನ ಮುಂದೆ ಹಿಡಿಯುತ್ತಿದ್ದ ಅದೇ ಹಿಡಿತ.

“ಕೇಳಿಲ್ಲಿ” ಅಂದ. ತುಟಿ ಬೂದಿಯ ಬಣ್ಣವಾಗಿತ್ತು. “ನಾನೇ ಜಾರಿ ಬಿದ್ದೆ ಅಂತ ಪೊಲೀಸ್ರಿಗೆ ಹೇಳ್ತೀನಿ. ನೀನು ಎಳ್ದಿದ್ದು ಹೇಳಲ್ಲ. ಜೈಲಿಗೆ ಹೋಗಲ್ಲ ನೀನು. ಮಗಳನ್ನ ಕರ್ಕಂಡು ಮನೆಗೆ ಬತ್ತೀನಿ ಅನ್ನು. ಅಂದ್ರೆ ಬಿಡ್ತೀನಿ.”

“ಕೈ ಬಿಡ್ರಿ. ಚೈನ್ ಕುಯ್ಬೇಕು. ನಿಮ್ಗೇ ತಡ ಆಗ್ತೈತೆ.”

“ಬತ್ತೀನಿ ಅನ್ನು ಮೊದ್ಲು.”

ಅವಳು ಅವನ ಮುಖ ನೋಡಲಿಲ್ಲ. ತನ್ನ ಮಣಿಕಟ್ಟಿನ ಮೇಲಿದ್ದ ಅವನ ಬೆರಳುಗಳನ್ನು ನೋಡಿದಳು, ಒಂದು ಸರಳಿಗೆ ಎಲ್ಲಿ ಗೆರೆ ಹಾಕಬೇಕೆಂದು ನೋಡುವ ಹಾಗೆ. ಬಲಗೈಯಲ್ಲಿದ್ದ ಯಂತ್ರವನ್ನು ಮಂಡಿಯ ಮೇಲೆ ಊರಿ, ಬಾಯನ್ನು ಆ ಬೆರಳುಗಳ ಕಡೆಗೆ ತಿರುಗಿಸಿ, ಸ್ವಿಚ್ಚು ಒತ್ತಿದಳು. ಗುಂಯ್ ಎಂದು ಪಟ್ಟಿ ಓಡತೊಡಗಿತು. ನಡುವೆ ಒಂದು ಗೇಣಿತ್ತು. ಅವಳು ಗೇಣನ್ನು ಬೆರಳಗಲಕ್ಕೆ ಇಳಿಸಿದಳು. ನಿಲ್ಲಿಸಲಿಲ್ಲ. ಹಲ್ಲಿನಿಂದ ಹಾರಿದ ಅವನದೇ ರಕ್ತ ಅವನ ಕೆನ್ನೆಗೆ ಸಿಡಿಯಿತು.

ಬೆರಳುಗಳು ಬಿಟ್ಟುಕೊಂಡವು.

ಸ್ವಾತಿ ಎದ್ದು ಗೇಟಿನ ಹತ್ತಿರ ಹೋದಳು. ಬೀಗದ ಬಳೆ ಗಟ್ಟಿ ಉಕ್ಕು, ಅದಕ್ಕೆ ಹಚ್ಚಿದರೆ ಹಲ್ಲು ಉದುರುತ್ತದೆ. ಚೈನಿನ ಒಂದು ಕೊಂಡಿಯನ್ನು ಆರಿಸಿ, ಬ್ಲೇಡು ಇಟ್ಟು, ಈ ಸಲ ಪೂರ್ತಿ ಭಾರ ಬಿಟ್ಟಳು. ಕೊಂಡಿ ಎರಡು ಕಡೆ ತುಂಡಾಗಿ, ಚೈನು ಝಲ್ಲೆಂದು ನೆಲಕ್ಕೆ ಬಿತ್ತು.

“ಏನಾಯ್ತಮ್ಮ ಇವ್ರಿಗೆ?” ಎಂದು ನರ್ಸು ಕಾಗದ ತೆಗೆದ.

“ಕಾಲು ಎಳ್ದಿದ್ದು ನಾನೇ...” ಎಂದ ಚನ್ನೇಶ ಮುಂದೆ ಬರುತ್ತ.

“ನೀನು ಸುಮ್ನಿರಣ್ಣ” ಅಂದಳು. ಆಮೇಲೆ ಹಾಸಿಗೆಯ ಮೇಲಿದ್ದವನಿಗೂ ಹೊರಗಿನ ಜನಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: “ನನ್ನ ಮಗಳನ್ನ ಗೇಟ್ ಮೇಲಿಂದ ಆಚೆಗೆ ಹಾಕಿ ಇವ್ರೂ ಹತ್ತಿದ್ರು. ನಾನು ಕಾಲು ಹಿಡ್ದು ಎಳ್ದೆ. ಸರಳು ಕುಯ್ದಿದ್ದೂ ನಾನೇ. ಬರ್ಕಳಿ.”

ನರ್ಸು ಒಂದು ಗಳಿಗೆ ಅವಳ ಬಾಯನ್ನೂ, ಚನ್ನೇಶನ ಕೈಯನ್ನೂ ನೋಡಿದ. “ನೀವಿಬ್ರೂ ಬಂದು ತೋರಿಸ್ಕೊಳ್ಳಿ” ಅಂದ. ಬರೆದುಕೊಂಡ.

ಸ್ಟ್ರೆಚರು ಹೊರಗೆ ಹೋಯಿತು. ಅದರ ಪಕ್ಕದಲ್ಲೇ ನುಸುಳಿಕೊಂಡು ಇಂದು ಒಳಗೆ ಓಡಿಬಂದಳು. ಸ್ವಾತಿ ಯಂತ್ರ ಕೆಳಗಿಡುವಷ್ಟರಲ್ಲೇ ಸೊಂಟಕ್ಕೆ ತೆಕ್ಕೆ ಬಿದ್ದಳು. ಮಗುವಿನ ಮಂಡಿ ತರಚಿತ್ತು, ಲಂಗ ಹರಿದಿತ್ತು. ಸ್ವಾತಿ ಮೈಯೆಲ್ಲ ಮುಟ್ಟಿ ನೋಡಿದಳು. ಬೇರೆಲ್ಲೂ ಏನೂ ಇರಲಿಲ್ಲ.

ಆಂಬುಲೆನ್ಸಿನ ಸದ್ದು ದೂರವಾದ ಮೇಲೆ ಮಗು ಕೇಳಿತು: “ಅಮ್ಮ, ಗೇಟ್ ಹಾಕಲ್ವಾ?”

“ಬ್ಯಾಡ. ಪೊಲೀಸ್ರು ಬತ್ತಾರೆ. ತೆರ್ದೇ ಇರ್ಲಿ.”

ಮೆಟ್ಟಿಲ ಮೇಲೆ ಕೂತು ಅವಳು ಹಿಡಿ ಸಡಿಲಿಸಿ ಬ್ಲೇಡು ಕಳಚಿದಳು. ಮೂರು ಹಲ್ಲು ಹೋಗಿದ್ದವು. ಅದನ್ನು ಗುಜರಿ ಡಬ್ಬಕ್ಕೆ ಹಾಕಲು ಹೋದವಳು, ಪೊಲೀಸರು ಕೇಳಿಯಾರೆಂದು ಪಕ್ಕಕ್ಕಿಟ್ಟಳು. ಇಂದು ಅವಳ ಗೀರಿದ ಅಂಗೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು.

ರುದ್ರಮ್ಮ ಬಿಂದಿಗೆಯಲ್ಲಿ ನೀರು ತಂದು ಯಂತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ರಕ್ತ, ಬೂದಿ, ಕುಂಕುಮ ಎಲ್ಲ ಒಂದೇ ಬಣ್ಣವಾಗಿ ಹೋಯಿತು. ಒರೆಸಿ, ಮತ್ತೆ ಮಣೆಯ ಮೇಲೆ ಕೂರಿಸಿ, ಉಳಿದಿದ್ದ ಒಂದೇ ಬ್ಲೇಡನ್ನು ಅದರ ಮುಂದಿಟ್ಟರು. ಅಭ್ಯಾಸಬಲದಿಂದ ಎಣ್ಣೆಯ ಬಟ್ಟಲಿಗೆ ಕೈ ಹೋಯಿತು.

“ಅವ್ವ” ಅಂದಳು ಸ್ವಾತಿ.

“ಗೊತ್ತಾಯ್ತು ಬಿಡೇ” ಎಂದು ಬಟ್ಟಲನ್ನು ದೂರ ಸರಿಸಿದರು ರುದ್ರಮ್ಮ. “ಮೈಗೆ ಮಾತ್ರ. ಚಕ್ರಕ್ಕೆ ಮುಟ್ಟಿಸಲ್ಲ.”